ರಕ್ತ ಕುಡಿಯೋನು ಹೀರೋ ಹೇಗಾಗ್ತಾನೆ?

ನಾನು ವ್ಯಾಂಪೈರ್ (ರಕ್ತ ಕುಡಿದು ಬದುಕೋ ಪಿಶಾಚಿ) ಲವ್ ಸ್ಟೋರಿ ಓದ್ತೀನಿ ಅಂತ ಗೊತ್ತಾದವರೆಲ್ಲ ಕೇಳೋದು ಒಂದೇ: ತಾನು ಪ್ರೀತಿಸೋ ಹುಡುಗಿಯನ್ನ ಕಚ್ಚಿ ಸಾಯಿಸಲಿಲ್ಲ ಅನ್ನೋದು ಬಿಟ್ರೆ ಆ ಹೀರೋನಲ್ಲಿ ಏನಿದೆ, ಸಾಯಿಸದೇ ಇರೋದೂ ಒಂದು ಗುಣಾನಾ? ನ್ಯಾಯವಾದ ಪ್ರಶ್ನೆನೇ. ನಾನು ನೋಡೋದು ಅವನನ್ನ ತಡೀತಿರೋದು ಏನು ಅಂತ.

ವ್ಯಾಂಪೈರ್‌ಗಳನ್ನ ಬೇಟೆಯಾಡೋ ಬಫಿ ಅನ್ನೋ ಹುಡುಗಿಯ ಟಿವಿ ಸೀರೀಸ್‌ನಲ್ಲಿ ಬರೋ ಸ್ಪೈಕ್ ಅನ್ನೋ ವ್ಯಾಂಪೈರ್‌ನ ತಗೊಳ್ಳಿ. ಅವನ ತಲೆಯೊಳಗೆ ಒಂದು ಚಿಪ್ ಕೂರಿಸಿರ್ತಾರೆ, ಮನುಷ್ಯರ ಮೇಲೆ ಕೈ ಮಾಡಿದ್ರೆ ತಲೆ ಸಿಡಿಯೋ ಹಂಗೆ ನೋವು, ಅದಕ್ಕೆ ತೆಪ್ಪಗಿರ್ತಾನೆ, ನೋಡೋರಿಗೆ ಒಳ್ಳೆಯವನಾಗಿಬಿಟ್ಟ ಅನ್ಸುತ್ತೆ. ಆದ್ರೆ ಬಫಿ ಸತ್ತು ಬದುಕಿ ಬಂದ ಮೇಲೆ ಅವಳೊಬ್ಬಳ ವಿಷಯದಲ್ಲಿ ಆ ಚಿಪ್ ಕೆಲಸ ಮಾಡಲ್ಲ, ಆರನೇ ಸೀಸನ್‌ನಲ್ಲಿ ಬಾತ್‌ರೂಮಲ್ಲಿ ಅವಳು ಬೇಡ ಅಂತಿದ್ರೂ ಬಲವಂತ ಮಾಡೋಕೆ ಹೋಗ್ತಾನೆ, ಪ್ರೀತಿಸ್ತೀನಿ ಅಂತ ಹೇಳ್ಕೊಂಡು ಓಡಾಡ್ತಿದ್ದವನೇ! ಅಲ್ಲಿವರೆಗೆ ಇದ್ದದ್ದು ಸಂಯಮ ಅಲ್ಲ, ಬರೀ ಬೇಡಿ. ಆಮೇಲೆ ತಾನಾಗೇ ಹೋಗಿ, ಪರೀಕ್ಷೆಗಳನ್ನೆಲ್ಲ ತಡ್ಕೊಂಡು ವ್ಯಾಂಪೈರ್ ಆದಾಗ ಕಳ್ಕೊಂಡಿದ್ದ ಆತ್ಮ ವಾಪಸ್ ಪಡೀತಾನೆ. ಮಾಡಿದ ತಪ್ಪು ಅದರಿಂದ ಅಳಿಸಿಹೋಗಲ್ಲ, ಆದ್ರೆ ಅವನ ಒಳ್ಳೆತನಕ್ಕೆ ಅವನೇ ಹೊಣೆ ಆಗೋದು ಅಲ್ಲಿಂದ.

2005ರಲ್ಲಿ ಬಂದ ಟ್ವೈಲೈಟ್ ಕಾದಂಬರಿಯಲ್ಲಿ ಎಲ್ಲರೂ ಹೀರೋ ಎಡ್ವರ್ಡ್ ಎಡ್ವರ್ಡ್ ಅಂತಾರೆ, ನನಗೆ ಮಾತ್ರ ಅವನನ್ನ ವ್ಯಾಂಪೈರ್ ಮಾಡಿ ಮಗನ ಹಾಗೆ ನೋಡ್ಕೊಂಡ ಕಾರ್ಲೈಲ್ ಇಷ್ಟ. ಕಾರ್ಲೈಲ್ ವ್ಯಾಂಪೈರ್ ಆದಾಗ ಎದುರಿಗೆ ಪ್ರೀತಿಸೋ ಹುಡುಗಿ ಇಲ್ಲ, ಹೀಗೂ ಬದುಕಬಹುದು ಅಂತ ಹೇಳಿಕೊಡೋಕೆ ಒಬ್ಬರೂ ಇಲ್ಲ. ಯಾರನ್ನೂ ಕೊಲ್ಲಬಾರದು ಅಂತ ತನ್ನನ್ನೇ ಉಪವಾಸ ಕೆಡವಿ ಸಾಯೋಕೆ ನೋಡ್ತಾನೆ, ಕೊನೆಗೆ ತಡೀಲಾರದೆ ಹತ್ತಿರ ಬಂದ ಜಿಂಕೆಗಳ ರಕ್ತ ಕುಡೀತಾನೆ, ಆಗ ಗೊತ್ತಾಗುತ್ತೆ ಮನುಷ್ಯರನ್ನ ಮುಟ್ಟದೆಯೂ ಇರಬಹುದು ಅಂತ. ಮುಂದೆ ಡಾಕ್ಟರ್ ಆಗ್ತಾನೆ, ದಿನಾ ರಕ್ತದ ಮಧ್ಯೆನೇ ಕೆಲಸ, ಗುರುತು ಪರಿಚಯ ಇಲ್ಲದವರನ್ನೂ ಉಳಿಸೋದು. ಬಾಯಾರಿಕೆ ಇಲ್ಲದವನು ಕುಡೀದೇ ಇದ್ರೆ ಅದರಲ್ಲಿ ಏನಿದೆ ಹೇಳಿ?

ಎಡ್ವರ್ಡ್‌ನೂ ನಾನು ತೆಗೆದುಹಾಕಲ್ಲ. ಒಂದಷ್ಟು ವರ್ಷ ಕಾರ್ಲೈಲ್‌ನ ಬಿಟ್ಟುಹೋಗಿ, ಜನರ ಮನಸ್ಸು ಓದೋ ಶಕ್ತಿ ಇದೆಯಲ್ಲ ಅಂತ ಕೆಟ್ಟವರನ್ನ ಮಾತ್ರ ಹುಡುಕಿ ಕೊಲ್ತಾನೆ, ಆಮೇಲೆ ಆ ಸಮಜಾಯಿಷಿಯಿಂದ ತನ್ನೊಳಗಿನ ರಾಕ್ಷಸತನ ಮುಚ್ಚಿಹೋಗಲ್ಲ ಅಂತ ಅರಿವಾಗಿ ವಾಪಸ್ ಬರ್ತಾನೆ. ಅದು ನನಗೆ ತುಂಬಾ ಹಿಡಿಸಿದ ಭಾಗ. ಆದ್ರೆ ಅದೇ ಎಡ್ವರ್ಡ್ ರಾತ್ರಿ ತಾನು ಪ್ರೀತಿಸೋ ಬೆಲ್ಲಾ ರೂಮಿಗೆ ಅವಳಿಗೆ ಗೊತ್ತಿಲ್ಲದ ಹಾಗೆ ಬಂದು ಅವಳು ಮಲಗಿರೋದನ್ನ ನೋಡ್ತಾ ಕೂರ್ತಾನಲ್ಲ, ಅದನ್ನ ಪ್ರೀತಿ ಅಂತ ಹೊಗಳೋರ ಜೊತೆ ನಾನಿಲ್ಲ. ರಕ್ತ ಬಿಟ್ಟವನಿಗೆ ಬಾಗಿಲು ತಟ್ಟೋದು ಅದಕ್ಕಿಂತ ಕಷ್ಟ ಆಗಿತ್ತಾ?