ಬೆಂಕಿ ನೆಟ್ಟ ಹಳದಿ

ಬೆಳಗ್ಗೆ ಏಳೂವರೆಗೆ ನಾನು, ಅಮ್ಮ ಬಾರ್ ಹಾರ್ಬರ್‌ನ ಬ್ರಿಡ್ಜ್ ಸ್ಟ್ರೀಟ್ ಕೊನೆಯಲ್ಲಿ ನಿಂತಿದ್ದೆವು. ರಸ್ತೆ ಅಲ್ಲಿ ಸೀದಾ ಸಮುದ್ರಕ್ಕೆ ಇಳಿಯುತ್ತದೆ. ಎದುರಿಗೆ ಬಾರ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪ. ನೀರು ಇಳಿದಾಗ ನಡುವೆ ಜಲ್ಲಿಕಲ್ಲಿನ ದಾರಿಯೊಂದು ಮೇಲೇಳುತ್ತದೆ, ನಡೆದೇ ದಾಟಬಹುದು ಎಂದು ಓದಿದ್ದೆ. ಈಗ ಮಾತ್ರ ಬರೀ ನೀರು. ಅಮ್ಮ ದಂಡೆಯ ಕಲ್ಲುಗಳನ್ನು ಒಂದು ಗಳಿಗೆ ನೋಡಿದಳು.

"ನೀರ್ ಏರ್ತಾ ಇತ್ತ್ ಮಗಾ. ಮಧ್ಯಾಹ್ನ ಕಳ್ದ್ ಮೇಲೆ ಬಪ್ಪ."

ಫೋನ್ ತೆಗೆದು ನೋಡಿದೆ. ಉಬ್ಬರ ಒಂಬತ್ತೂವರೆಗೆ, ಇಳಿತ ಮೂರೂ ಮುಕ್ಕಾಲಿಗೆ. ಅಮ್ಮ ಗಂಗೊಳ್ಳಿ ಅಳಿವೆಯ ಪಕ್ಕ ಬೆಳೆದವಳು. ಅವಳಿಗೆ ಫೋನ್ ಬೇಕಿರಲಿಲ್ಲ.

ಬಾಸ್ಟನ್ನಿನಿಂದ ಐದು ಗಂಟೆ ಕಾರು ಓಡಿಸಿಕೊಂಡು ಹಿಂದಿನ ರಾತ್ರಿ ಇಲ್ಲಿಗೆ ಬಂದಿದ್ದೆವು. ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪ, ಅಕ್ಟೋಬರ್ ಮಧ್ಯ. ದ್ವೀಪದ ಅರ್ಧದಷ್ಟು ಅಕೇಡಿಯಾ ರಾಷ್ಟ್ರೀಯ ಉದ್ಯಾನ. ಆರು ತಿಂಗಳಿಗೆಂದು ಬಂದಿರುವ ಅಮ್ಮನಿಗೆ ಎಲೆ ಬಣ್ಣ ಬದಲಾಗೋದನ್ನು ತೋರಿಸಬೇಕು ಅನ್ನೋದು ನನ್ನ ಆಸೆ. ಅಮ್ಮನಿಗೆ ಸಮುದ್ರ ಇದ್ದರೆ ಸಾಕು. ಎರಡೂ ಒಟ್ಟಿಗೆ ಸಿಗುವ ಜಾಗ ಇದು. ಕ್ಯಾಡಿಲಾಕ್ ಬೆಟ್ಟದ ತುದಿಗೆ ಕಾರಿನಲ್ಲಿ ಹೋಗಲು ಮೊದಲೇ ಬುಕ್ ಮಾಡಬೇಕು. ನಮಗೆ ಸಿಕ್ಕಿರಲಿಲ್ಲ, ಬಿಟ್ಟೆವು.

ಉಬ್ಬರಕ್ಕೆ ಮುಂಚೆ ಥಂಡರ್ ಹೋಲ್ ತಲುಪಿದೆವು. ಗುಲಾಬಿ ಬಣ್ಣದ ಗ್ರಾನೈಟ್ ಬಂಡೆಯಲ್ಲಿ ಒಂದು ಸೀಳು, ಅದರ ಒಳಗೆ ಸಣ್ಣ ಗವಿ. ಅಲೆ ನುಗ್ಗಿದಾಗ ಒಳಗಿನ ಗಾಳಿ ಇಕ್ಕಟ್ಟಾಗಿ ಗುಡುಗಿನ ಹಾಗೆ ಶಬ್ದ ಬರುತ್ತದೆ. ಎಲ್ಲರೂ ಫೋನ್ ಹಿಡಿದು ಕಾಯುತ್ತಿದ್ದರು. ಚೆನ್ನಾಗಿತ್ತು, ಆದರೆ ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅಲ್ಲಿಂದ ಮುಂದಿನ ಲಿಟ್ಲ್ ಹಂಟರ್ಸ್ ಬೀಚ್. ಅಲ್ಲಿ ಮರಳೇ ಇಲ್ಲ. ಬರೀ ಉರುಟು ಕಲ್ಲುಗಳು, ಲಿಂಬೆಹಣ್ಣಿನಿಂದ ತೆಂಗಿನಕಾಯಿ ಗಾತ್ರದವರೆಗೆ. ಅಲೆ ಬರುವಾಗ ಸಾಮಾನ್ಯ ಸದ್ದು. ಹಿಂದೆ ಸರಿಯುವಾಗ ಸಾವಿರಾರು ಕಲ್ಲು ಒಂದರ ಮೇಲೊಂದು ಉರುಳಿ ಗಡಗಡಗಡ ಅನ್ನುತ್ತವೆ. ಅಮ್ಮ ಕಣ್ಣು ಮುಚ್ಚಿ ಕೂತಳು. ನಾನೂ ಕೂತೆ. ಅರ್ಧ ಗಂಟೆ ನಾವು ಮಾತಾಡಲಿಲ್ಲ. ಏಳುವಾಗ ಅಮ್ಮ ಕೈಯಲ್ಲಿದ್ದ ಬಿಳಿ ಗೆರೆಯ ಒಂದು ಕಲ್ಲನ್ನು ಅಲ್ಲೇ ಇಟ್ಟಳು. ಇಲ್ಲಿಂದ ಕಲ್ಲು ಒಯ್ಯುವಂತಿಲ್ಲ.

ದಾರಿಯುದ್ದಕ್ಕೂ ಹಳದಿ. ಬಿಳಿ ಕಾಂಡದ ಬರ್ಚ್, ಸಣ್ಣ ಗಾಳಿಗೂ ನಡುಗುವ ಆಸ್ಪೆನ್, ಬಂಡೆಗಳ ಸಂದಿಯಲ್ಲಿ ಕುಂಕುಮದಷ್ಟು ಕೆಂಪಾದ ಬ್ಲೂಬೆರಿ ಗಿಡಗಳು. ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಡಬ್ಬಿಯಿಂದ ಮೊಸರವಲಕ್ಕಿ ತಿನ್ನುತ್ತಿದ್ದಾಗ ಉದ್ಯಾನದ ರೇಂಜರ್ ಒಬ್ಬರು ಮಾತಿಗೆ ಸಿಕ್ಕರು. ಈ ಹಳದಿ ಮೊದಲು ಇಷ್ಟು ಇರಲಿಲ್ಲ ಅಂದರು. ಇಲ್ಲೆಲ್ಲ ವರ್ಷವಿಡೀ ಕಡು ಹಸಿರಾಗಿರುವ ಸ್ಪ್ರೂಸ್, ಫರ್ ಮರಗಳ ಕಾಡಿತ್ತಂತೆ. 1947ರ ಅಕ್ಟೋಬರ್‌ನಲ್ಲಿ ಅದು ಸುಟ್ಟುಹೋಯಿತು.

ಆ ವರ್ಷ ಮಳೆಯಿಲ್ಲದೆ ಕಾಡು ಒಣಗಿ ನಿಂತಿತ್ತು. ಅಕ್ಟೋಬರ್ 17ಕ್ಕೆ ಹೊತ್ತಿದ ಸಣ್ಣ ಬೆಂಕಿ 23ರಂದು ಗಾಳಿ ತಿರುಗಿದ್ದೇ ಊರಿನ ಕಡೆ ಓಡಿತು. ಶ್ರೀಮಂತರ ಬೇಸಿಗೆ ಬಂಗಲೆಗಳ ಸಾಲು ಹೋಯಿತು. ಊರವರ 170 ಮನೆಗಳು ಹೋದವು. ಸುಟ್ಟ ಜಾಗ ಒಟ್ಟು 17,000 ಎಕರೆಗೂ ಹೆಚ್ಚು. ರಸ್ತೆಗಳಿಗೆ ಬೆಂಕಿ ಅಡ್ಡ ಬಂದಾಗ ಜನ ದೋಣಿ ನಿಲ್ಲುವ ಧಕ್ಕೆಗೆ ಬಂದು ಸೇರಿದರು. ಆಗ ಕೊಲ್ಲಿಯ ಆಚೆಯ ಊರುಗಳ ಮೀನುಗಾರರು ದೋಣಿ ತಂದರು. 400 ಜನರಾದರೂ ಸಮುದ್ರದ ದಾರಿಯಲ್ಲೇ ಪಾರಾದರು. ಆಮೇಲೆ ಬುಲ್ಡೋಜರ್ ತಂದು ರಸ್ತೆ ಬಿಡಿಸಿ, ಉಳಿದವರು ಕಾರುಗಳಲ್ಲಿ ಸಾಲಾಗಿ ಹೊರಟರು.

ನಾನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಕೈಯಲ್ಲಿದ್ದ ಚಮಚ ಕೆಳಗಿಟ್ಟಿದ್ದಳು.

"ಬೆಂಕಿಗೂ ದೋಣಿಯವ್ರೇ ಬರ್ಕಾಯ್ತ್," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮಣ್ಣ ಹುಟ್ಟಿದ್ ವರ್ಷ ಅದ್."

ನೆರಳು ಕೊಡುತ್ತಿದ್ದ ದೊಡ್ಡ ಮರಗಳು ಹೋದ ಮೇಲೆ ಬಯಲಾದ ನೆಲಕ್ಕೆ ಬಿಸಿಲು ಬಿತ್ತು. ಬಿಸಿಲು ಬೇಡುವ ಬರ್ಚ್, ಆಸ್ಪೆನ್ ಮೊದಲು ಎದ್ದವು. ಅವುಗಳ ನೆರಳಲ್ಲೇ ಈಗ ಸ್ಪ್ರೂಸ್ ಸಸಿಗಳು ಮತ್ತೆ ಬೆಳೆಯುತ್ತಿವೆ. ಅವು ಎತ್ತರವಾದಂತೆ ಈ ಹಳದಿ ಕಡಿಮೆಯಾಗುತ್ತದೆ. ಅದು ಕೇಳಿ ನನಗೆ ಏನೋ ಸಂಕಟ ಆಯಿತು. ಬೆಳಗಿನಿಂದ ನೋಡಿದ್ದ ಮರಗಳನ್ನೇ ಮತ್ತೆ ನೋಡಿದೆ. ಹೌದು, ಒಂದೊಂದು ಬರ್ಚ್‌ನ ಬುಡದಲ್ಲೂ ಸೊಂಟದೆತ್ತರದ ಹಸಿರು ಗಿಡಗಳು. ಅಷ್ಟು ಹೊತ್ತು ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಎರಡು ಗಂಟೆಗೆ ಮತ್ತೆ ಬ್ರಿಡ್ಜ್ ಸ್ಟ್ರೀಟ್. ನೀರಿನ ಮಧ್ಯೆ ಒಂದು ಕಪ್ಪು ಬೆನ್ನು ಎದ್ದಿತ್ತು. ನೋಡುತ್ತಾ ಇದ್ದ ಹಾಗೇ ಅಗಲವಾಯಿತು. ಇಲ್ಲಿ ನೀರು ಹತ್ತು ಹನ್ನೆರಡು ಅಡಿ ಏರಿಳಿಯುತ್ತದೆ. ನಮ್ಮ ಕಡೆ ಇಷ್ಟಿಲ್ಲ, ಅಮ್ಮನಿಗೂ ಅದು ಹೊಸದು. ಇಳಿತಕ್ಕೆ ಮುಂಚೆ ಒಂದೂವರೆ ಗಂಟೆ, ಆಮೇಲೆ ಒಂದೂವರೆ ಗಂಟೆ ದಾರಿ ತೆರೆದಿರುತ್ತದೆ. ತಡ ಮಾಡಿದವರು ಆಚೆ ಸಿಕ್ಕಿಕೊಳ್ಳುತ್ತಾರೆ. ನಿಲ್ಲಿಸಿದ ಕಾರುಗಳು ಮುಳುಗಿದ್ದೂ ಉಂಟು.

ಒದ್ದೆ ಜಲ್ಲಿ, ಕಪ್ಪೆಚಿಪ್ಪು, ಕಾಲಿಗೆ ಜಾರುವ ಪಾಚಿ. ಅಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಈ ಚಳಿಗೆ ಬೇಡ ಅಂದೆ, ಕೇಳಲಿಲ್ಲ. ಎರಡೂ ಕಡೆ ನೀರಿನಲ್ಲಿ ಬಣ್ಣಬಣ್ಣದ ಬೆಂಡುಗಳು ತೇಲುತ್ತಿದ್ದವು. ಲಾಬ್‌ಸ್ಟರ್ ಹಿಡಿಯುವ ಬೋನುಗಳ ಗುರುತು ಅವು. ಪ್ರತಿ ಮೀನುಗಾರನಿಗೂ ತನ್ನದೇ ಬಣ್ಣ, ಅದೇ ಬಣ್ಣವನ್ನು ದೋಣಿಯ ಮೇಲೂ ತೋರಿಸಬೇಕು. ಆ ದಿನ ಅಮ್ಮ ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಇದರ ಬಗ್ಗೆ. ಬಲೆಗೆ ಯಾರೂ ಕೈ ಹಾಕಲ್ವಾ? ಬಣ್ಣ ಅಪ್ಪನಿಂದ ಮಗನಿಗೆ ಬರುತ್ತದಾ? ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದ್ವೀಪದ ದಿಬ್ಬ ಹತ್ತಿ ಹಿಂತಿರುಗಿ ನೋಡಿದರೆ ಊರು, ಅದರ ಹಿಂದೆ ಬೆಟ್ಟಗಳು. ಬೆಂಕಿ ಓಡಿದ ದಾರಿ ಕಾಣುತ್ತಿತ್ತು. ಎಲ್ಲೆಲ್ಲಿ ಹಳದಿಯೋ ಅಲ್ಲೆಲ್ಲ ಬೆಂಕಿ ಹೋಗಿತ್ತು. ಅಮ್ಮನಿಗೆ ಬೆರಳು ಮಾಡಿ ತೋರಿಸಿದೆ. ಅವಳು ತುಂಬಾ ಹೊತ್ತು ನೋಡಿದಳು. ಆಮೇಲೆ ನೀರಿನ ಕಡೆ ತಿರುಗಿದಳು.

"ಹೋಪ. ನೀರ್ ತಿರ್ಗಿತ್ತ್."

ನಾಲ್ಕೂ ಕಾಲಾಗಿತ್ತು. ಇನ್ನೂ ಜನ ಈ ಕಡೆಗೆ ಬರುತ್ತಲೇ ಇದ್ದರು. ದಾಟಿ ಬಂದು ದಂಡೆಯ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕಾದೆವು. ಕೊನೆಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಒಂದು ಕುಟುಂಬ ಪಾದ ಮುಳುಗುವ ನೀರಿನಲ್ಲಿ ಬೇಗ ಬೇಗ ನಡೆದು ಬಂತು. ಅವರು ದಡ ಮುಟ್ಟಿದ ಮೇಲೆ ಅಮ್ಮ ಚಪ್ಪಲಿ ಹಾಕಿಕೊಂಡಳು.