ಗಾಡಿ ಯಾವಾಗ ಕಾಯ್ತದ, ಅದನ್ನ ಮೊದಲ ಹೇಳ್ರಿ

ಏಪ್ರಿಲ್ ಬಂತೆಂದರೆ ಕಲಬುರಗಿಯ ಗ್ಯಾರೇಜುಗಳಲ್ಲಿ ಒಂದೇ ದೂರು: "ಗಾಡಿ ಭಾಳ ಹೀಟ್ ಆಗ್ಲಾಕತ್ತದ್ರಿ." ಅದಕ್ಕೆ ಸಿಗುವ ಉತ್ತರವೂ ಒಂದೇ: "ಬಿಸಲ ಅದ, ಎಲ್ಲಾ ಗಾಡಿನೂ ಆಗ್ತಾವ." ಈ ಉತ್ತರವನ್ನು ಒಪ್ಪಬೇಡಿ. ಸರಿಯಿರುವ ಕಾರು 43 ಡಿಗ್ರಿ ಬಿಸಿಲಲ್ಲೂ ಎಸಿ ಹಾಕಿಕೊಂಡೇ ಓಡಬೇಕು.

ಬಿಸಿಲು ರೋಗವನ್ನು ಹುಟ್ಟಿಸುವುದಿಲ್ಲ, ಒಳಗಿದ್ದದ್ದನ್ನು ಹೊರಗೆ ಹಾಕುತ್ತದೆ. ಎಂಜಿನ್ ನೀರು 90 ಡಿಗ್ರಿ, ಹೊರಗಿನ ಗಾಳಿ 25 ಇದ್ದರೆ ನಡುವಿನ ಅಂತರ 65. ಗಾಳಿ 42 ಆದಾಗ ಅಂತರ 48ಕ್ಕೆ ಇಳಿಯುತ್ತದೆ. ಅಂದರೆ ಎಂಜಿನ್ ನೀರನ್ನು ಆರಿಸುವ ರೇಡಿಯೇಟರ್ ಹೊರಹಾಕಬಲ್ಲ ಶಾಖದಲ್ಲಿ ಕಾಲು ಭಾಗ ಖೋತಾ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಡಿಸೆಂಬರ್‌ನಲ್ಲಿ ಹೇಗೋ ಸಂಭಾಳಿಸಿಕೊಂಡು ಹೋಗಿರುತ್ತದೆ. ಯುಗಾದಿ ಕಳೆಯುತ್ತಲೇ ಅದರ ಗುಟ್ಟು ರಟ್ಟಾಗುತ್ತದೆ.

ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಕೇಳಬೇಕಾದದ್ದು ಯಾವಾಗ ಕಾಯುತ್ತದೆ ಎಂದು. ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ನಿಂತಾಗ ಶಾಖ ತೋರುವ ಮುಳ್ಳು ಏರಿ, ಗಾಡಿ ಓಡಿದ ಕೂಡಲೇ ಇಳಿಯುತ್ತದೆಯೇ? ಹಾಗಿದ್ದರೆ ಕೊರತೆ ಗಾಳಿಯದು. ಊರೊಳಗೆ ಸುಮ್ಮನಿದ್ದು ಹುಮನಾಬಾದ್ ದಾರಿಯಲ್ಲಿ 90ರ ವೇಗದಲ್ಲಿ ಹೋಗುವಾಗ ಏರುತ್ತದೆಯೇ? ಆಗ ಕೊರತೆ ನೀರಿನ ಹರಿವಿನದು. ಸ್ಟಾರ್ಟ್ ಮಾಡಿ ಐದಾರು ನಿಮಿಷಕ್ಕೇ ಕೆಂಪು ಗೆರೆ ಮುಟ್ಟಿದರೆ ನೀರು ಕಡಿಮೆಯಿದೆ, ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿ ಏರ್ ಲಾಕ್ ಆಗಿದೆ, ಇಲ್ಲವೇ ನೀರು ಕಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ವಾಲ್ ಮುಚ್ಚಿಕೊಂಡೇ ಕುಳಿತಿದೆ. ಓಡುವಾಗ ಸರಿಯಿದ್ದು, ಬಂದ್ ಮಾಡಿದ ಮೇಲೆ ಹೆಚ್ಚುವರಿ ನೀರಿನ ಡಬ್ಬಿಯಿಂದ ನೀರು ಉಕ್ಕಿದರೆ ಮೊದಲು ರೇಡಿಯೇಟರ್ ಕ್ಯಾಪ್ ನೋಡಿ.

ಗಾಳಿಯ ಕಡೆಯಿಂದ ಶುರು ಮಾಡೋಣ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನಲ್ಲಿ ನೇರ 12 ವೋಲ್ಟ್ ಕೊಡಿ. ಈಗ ಓಡಿದರೆ ಮೋಟಾರಿಗೆ ದೋಷವಿಲ್ಲ. ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಸೆನ್ಸರ್, ಸಾಕೆಟ್ ಈ ನಾಲ್ಕರಲ್ಲೊಂದು ಕೈಕೊಟ್ಟಿದೆ. ಪಕ್ಕದಲ್ಲೇ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಸಾಕೆಟ್ಟಿನ ಪ್ಲಾಸ್ಟಿಕ್ ಕಂದಿ ಕರಗಿದ್ದರೆ ಹೊಸ ಮೋಟಾರ್ ಹಾಕಿದರೂ ಅದಕ್ಕೆ ಪೂರ್ತಿ ಕರೆಂಟ್ ಸಿಗುವುದಿಲ್ಲ.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ನಂಬಬೇಡಿ. ಕಾರ್ಬನ್ ಬ್ರಷ್ ಸವೆದ ಮೋಟಾರ್ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಫ್ಯಾನ್ ರೇಡಿಯೇಟರಿನ ಹಿಂದಿರುವ ಕಾರುಗಳಲ್ಲಿ ಒಂದು ಎ4 ಹಾಳೆಯನ್ನು ಮುಂದಿನ ಜಾಲಿಗೆ ಹಿಡಿದು ಕೈ ಬಿಡಿ. ಹಾಳೆ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಮೋಟಾರ್ ಸೋತಿದೆ ಅಥವಾ ಜಾಲಿ ಕಟ್ಟಿದೆ. ಹಾಳೆ ಮುಂದಕ್ಕೆ ಹಾರಿದರೆ ಯಾರೋ ಮೋಟಾರ್ ಬದಲಿಸುವಾಗ ಎರಡು ವೈರು ಉಲ್ಟಾ ಜೋಡಿಸಿದ್ದಾರೆ!

ಜಾಲಿ ಕಟ್ಟುವುದು ನಮ್ಮ ಸೀಮೆಯಲ್ಲಿ ಬಲು ಸಾಮಾನ್ಯ. ರಾಶಿ ಕಾಲದಲ್ಲಿ ರಸ್ತೆ ಮೇಲಿನ ತೊಗರಿ ಹೊಟ್ಟು, ಜೇವರ್ಗಿ, ಯಾದಗಿರಿ ಕಡೆಯ ಹತ್ತಿಯ ಅರಳೆ, ಸೇಡಂ ದಾರಿಯ ಸಿಮೆಂಟ್ ಧೂಳು, ಎಲ್ಲವೂ ಎಸಿ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎಸಿಯ ಜಾಲಿ) ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಹೋಗಿ ಕೂರುತ್ತವೆ. ಮುಂದಿನಿಂದ ನೋಡಿದರೆ ಥಳಥಳ. ಮೇಲಿನ ಬೋಲ್ಟ್ ಬಿಚ್ಚಿ ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಟಾರ್ಚ್ ಬಿಟ್ಟು ನೋಡಿದಾಗ ಕಂಬಳಿಯಂತೆ ಹಾಸಿದ ಹೊಟ್ಟು ಕಾಣುತ್ತದೆ. ಎಂಜಿನ್ ಆರಿದ ಮೇಲೆ, ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸೆಂಟರಿನ ಜೋರು ಪ್ರೆಶರ್ ಹೊಡೆದರೆ ಜಾಲಿಯ ಎಲೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ.

ಇನ್ನು ನೀರು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು, ಮನೆಗೆ ಹಾಸುವ ಶಹಾಬಾದ್ ಪರಸಿ ಅದೇ. ಅಲ್ಲಿಯ ಬೋರ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ನಳಿಗಳಲ್ಲಿ ಕಟ್ಟುವುದೂ ಅದೇ. ನಳಿಯ ಕಿಂಡಿ ಒಂದೆರಡು ಮಿಲಿಮೀಟರ್, ಮುಚ್ಚಲು ಎಷ್ಟು ಹೊತ್ತು? ಆದ್ದರಿಂದ ಬೋರ್ ನೀರು ಹಾಕಲೇಬೇಡಿ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ನೀರು ತನ್ನಿ, ಆಸಿಡ್ ತರಬೇಡಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟ್, ಅಂದರೆ ನೀರು ಹೆಪ್ಪುಗಟ್ಟದಂತೆಯೂ ತಡೆಯುವ ದ್ರವ, ಇದಕ್ಕೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸಬೇಕು. ಮೊದಲೇ ಬೆರೆಸಿ ಮಾರುವ ಕೂಲಂಟಿಗೆ ಮತ್ತೆ ನೀರು ಸೇರಿಸಬಾರದು. "ನಮ್ಮಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕ?" ಅನ್ನುವವರಿದ್ದಾರೆ. ಕುದಿಬಿಂದು ಏರಿಸುವುದಕ್ಕೆ, ತುಕ್ಕು ತಡೆಯುವುದಕ್ಕೆ. ಹಾಗೆಂದು ಬರೀ ಕೂಲಂಟ್ ಸುರಿಯುವುದೂ ತಪ್ಪು, ಶಾಖ ಹೊರುವ ಶಕ್ತಿ ನೀರಿಗೇ ಹೆಚ್ಚು.

ರೇಡಿಯೇಟರ್ ಒಳಗೆ ಕಟ್ಟಿದೆಯೇ ಎಂದು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಎಂಜಿನ್ ಪೂರ್ತಿ ಕಾದ ಮೇಲೆ ಜಾಲಿಯ ಮೇಲೆ ಅಡ್ಡ, ಉದ್ದ ಅಳೆಯುತ್ತ ಹೋಗಿ. ಶಾಖ ಒಂದು ಬದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿಯ ನಳಿಗಳು ಸತ್ತಿವೆ.

ಈಗ ನಮ್ಮೂರಿನ ದೊಡ್ಡ ತಪ್ಪಿಗೆ ಬರೋಣ: "ಇಲ್ಲಿ ಬಿಸಲಿಗೆ ವಾಲ್ ಬ್ಯಾಡ್ರಿ" ಎಂದು ಥರ್ಮೋಸ್ಟಾಟ್ ತೆಗೆದು ಎಸೆಯುವುದು. ಹಲವು ಎಂಜಿನ್‌ಗಳಲ್ಲಿ ವಾಲ್ ತೆರೆದಾಗ ಅದರ ತಳದ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ತಿರುಗುತ್ತದೆ. ಹೆದ್ದಾರಿಯಲ್ಲಿ ಕಾವು ಇನ್ನೂ ಏರುತ್ತದೆ. ಚಳಿಗಾಲದಲ್ಲಿ ಎಂಜಿನ್ ಕಾಯುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಅನುಮಾನವಿದ್ದರೆ ವಾಲ್ ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಡಿ, ಜೊತೆಗೆ ಥರ್ಮಾಮೀಟರ್ ಇಡಿ. ಮೇಲೆ 82 ಎಂದು ಅಚ್ಚಿದ್ದರೆ 82 ಡಿಗ್ರಿ ಆಸುಪಾಸಿನಲ್ಲೇ ಬಾಯಿ ಬಿಡಬೇಕು, ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೀರು 98–99 ಡಿಗ್ರಿಗೇ ಕುದಿಯುತ್ತದೆ ಎಂಬುದು ನೆನಪಿರಲಿ. ಮತ್ತೆ ಕೂರಿಸುವಾಗ ಗಾಳಿ ಬಿಡುವ ಸಣ್ಣ ಪಿನ್ನಿದ್ದರೆ ಅದು ಮೇಲಿರಲಿ.

ಕ್ಯಾಪ್ ಎಲ್ಲಕ್ಕಿಂತ ಅಗ್ಗ, ಎಲ್ಲರೂ ಮರೆಯುವುದೂ ಅದನ್ನೇ. ಮೇಲೆ 0.9 ಅಥವಾ 1.1 ಎಂದಿರುತ್ತದೆ, ಅದು ಒತ್ತಡದ ಅಳತೆ. ರಬ್ಬರ್ ಬಿರಿದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಕ್ಯಾಪಿನೊಳಗಿನ ಚಿಕ್ಕ ವಾಲ್ ಕೆಟ್ಟಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಸೋರಿದ ಕಲೆ ಕಂಡರೆ ಸೀಲ್ ಹೋಗಿದೆ. ಸೋರದೆಯೂ ಪಂಪಿನ ರೆಕ್ಕೆಗಳು ತುಕ್ಕಿಗೆ ಸವೆದಿರಬಹುದು.

ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದೆ, ತಣ್ಣನೆಯ ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಾಗುತ್ತಿದೆ, ಡಬ್ಬಿಯಲ್ಲಿ ಗುಳ್ಳೆ ನಿಲ್ಲುತ್ತಿಲ್ಲ ಎಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಸೀಲಿನ, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಹೆಡ್ ಎತ್ತಿಸುವ ಮುಂಚೆ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿಗೆ ತಿರುಗಿದರೆ ಹೊಗೆ ನೀರಿಗೆ ನುಗ್ಗುತ್ತಿದೆ. ಹೆಡ್ ಇಳಿಸಿದರೆ ಲೇಥಿನಲ್ಲಿ ಸಮತಟ್ಟು ಅಳೆಸದೆ ಹೊಸ ಗ್ಯಾಸ್ಕೆಟ್ ಹಾಕಿಸಬೇಡಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬದಿಗೆ ನಿಲ್ಲಿಸಿ. ಆದರೂ ಇಳಿಯದಿದ್ದರೆ, ಹಬೆ ಬಂದರೆ, ಎಂಜಿನ್ ಆರಿಸಿ. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಬಿರಿಯಲೂಬಹುದು.

ರಿಪೇರಿ ಮುಗಿದು ಕೂಲಂಟ್ ತುಂಬುವಾಗ ಗಾಡಿಯ ಮೂತಿ ಸ್ವಲ್ಪ ಏರಿನಲ್ಲಿರಲಿ, ಹೀಟರ್ ಬಿಸಿಗಿರಲಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ನೀರು ಬರುವವರೆಗೆ ಸಡಿಲಿಸಿ. ನಿಧಾನವಾಗಿ ಸುರಿದು, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಎಂಜಿನ್ ಚಾಲೂ ಇಡಿ. ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಡಬ್ಬಿಯ ಗೆರೆ ನೋಡಿ. ಒಳಗೆ ಉಳಿದ ಗಾಳಿ ಹೊರಬಿದ್ದು ಮಟ್ಟ ಒಂದಿಷ್ಟು ಇಳಿದಿರುತ್ತದೆ. ಒಂದು ಸಲ ತುಂಬಿಸಿ. ಮೂರನೇ ದಿನವೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಮತ್ತೆ ಬಾನೆಟ್ ಎತ್ತಿ.