ತಪ್ಪು ಹೋಳಿಗೆಯದ್ದಲ್ಲ

ಕಳೆದ ವಾರ ಪುತ್ತೂರಿನಲ್ಲಿ ನಾದಿನಿಯ ಮಗಳ ಮದುವೆ. ಮೇ ತಿಂಗಳ ಸೆಕೆ ಗೊತ್ತಲ್ವಾ, ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ನನಗೆ ಇನ್ಸುಲಿನ್ ಪಂಪ್ ಇದೆ, ಟ್ಯೂಬಿನ ಮೂಲಕ ದಿನವಿಡೀ ಮೈಗೆ ಇನ್ಸುಲಿನ್ ಹರಿಸುವ ಪುಟ್ಟ ಯಂತ್ರ. ಚರ್ಮಕ್ಕೆ ಚುಚ್ಚಿ ಟೇಪ್ ಅಂಟಿಸುವ ಅದರ ಸೆಟ್‌ಗೆ ಅಂದೇ ಮೂರು ದಿನ ತುಂಬಿತ್ತು, ಬದಲಿಸಬೇಕಿತ್ತು. ಬೆಳಿಗ್ಗೆ ಆರೂವರೆಗೆ ಹೊಟ್ಟೆಯ ಬಲಗಡೆ ಹೊಸದು ಚುಚ್ಚಿಕೊಂಡೆ. ಅದರ ಮೇಲೇ ಲಂಗ ಬಿಗಿದು, ರೇಷ್ಮೆ ಸೀರೆ ಉಟ್ಟು ಹೊರಟೆ.

ಹನ್ನೊಂದು ಗಂಟೆಗೆ ಶುಗರ್ 210. ಓಡಾಟ, ಟೆನ್ಶನ್, ಅದಕ್ಕೇ ಇರಬೇಕು ಅಂದುಕೊಂಡೆ. ಒಂದೂವರೆಗೆ ಊಟ. ಅರ್ಧ ಹೋಳಿಗೆ ಹಾಕಿಸಿಕೊಂಡೆ, ಅನ್ನಕ್ಕೂ ಸೇರಿಸಿ 6 ಯೂನಿಟ್ ಬೋಲಸ್, ಅಂದರೆ ಒಮ್ಮೆಗೇ ಕೊಡುವ ಇನ್ಸುಲಿನ್, ಕೊಟ್ಟೆ. ಮೂರು ಗಂಟೆಗೆ 312. ಮತ್ತೆ 2.5 ಯೂನಿಟ್. ನಾಲ್ಕೂವರೆಗೆ 358.

"ಹೋಳಿಗೆ ತಿಂದದ್ದಕ್ಕೇ ಅದು" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತ್ತು. ಇಪ್ಪತ್ತು ವರ್ಷದಿಂದ ಟೈಪ್ 1 ಡಯಾಬಿಟಿಸ್ ಇದೆ, ಶುಗರ್ ಏರಿದಾಗೆಲ್ಲ ತಿಂದದ್ದನ್ನೇ ಲೆಕ್ಕ ಹಾಕಿ ಅಭ್ಯಾಸ. ಆದರೆ ಒಂದೂವರೆಗೆ ತಿಂದ ಹೋಳಿಗೆ ಹನ್ನೊಂದು ಗಂಟೆಗೇ ಶುಗರ್ ಏರಿಸುವುದು ಹೇಗೆ?

ಅಷ್ಟು ಹೊತ್ತಿಗೆ ಹೊಟ್ಟೆ ತೊಳೆಸಲು ಶುರುವಾಗಿತ್ತು. ಬಾತ್‌ರೂಮಿಗೆ ಹೋಗಿ ಮೂತ್ರದ ಕೀಟೋನ್ ಸ್ಟ್ರಿಪ್ ನೋಡಿದೆ. ಇನ್ಸುಲಿನ್ ಸಾಲದೆ ಕೊಬ್ಬು ಕರಗುವಾಗ ರಕ್ತಕ್ಕೆ ಸೇರುವ ಆಮ್ಲವೇ ಕೀಟೋನ್. ನೇರಳೆ ಬಣ್ಣ, ಅಂದರೆ ಕೀಟೋನ್ ಜಾಸ್ತಿ. ಎದೆ ಧಸಕ್ಕೆಂದಿತು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ದಿನವಿಡೀ ಇರುವ ಇನ್ಸುಲಿನ್ ಮೈಯಲ್ಲಿ ಬೇರೆ ಇಲ್ಲ. ಪೂರೈಕೆ ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ. ಹಾಗೇ ಬಿಟ್ಟರೆ ನೇರ ಆಸ್ಪತ್ರೆಗೇ.

ಅಲ್ಲೇ ನಿಂತು ಸೆಟ್ ಕಿತ್ತೆ. ಒಳಗಿದ್ದ 6 ಮಿ.ಮೀ. ಕ್ಯಾನುಲಾ, ಅಂದರೆ ಇನ್ಸುಲಿನ್ ಒಳಹೋಗುವ ಸಣ್ಣ ಕೊಳವೆ, ಬೆಂದ ಶ್ಯಾವಿಗೆ ಎಳೆಯ ಹಾಗೆ ಮಡಚಿಹೋಗಿತ್ತು. ಟೆಫ್ಲಾನ್ ಅಲ್ವಾ, ಮೆತ್ತಗೆ. ಚುಚ್ಚಿದ ಜಾಗದ ಮೇಲೆ ಸರಿಯಾಗಿ ಲಂಗದ ಲಾಡಿಯ ಗಂಟು ಕೂತಿತ್ತು. ಬಗ್ಗಿ ಎದ್ದಾಗೆಲ್ಲ ಅದು ಒತ್ತಿದೆ. ಟೇಪಿನ ಕೆಳಗೆಲ್ಲ ಒದ್ದೆ. ಬೆವರಲ್ಲ, ಇನ್ಸುಲಿನ್. ಪಂಪಿನ ಲೆಕ್ಕದಲ್ಲಿ 8.5 ಯೂನಿಟ್ ಬೋಲಸ್ ನನ್ನ ಮೈಗೆ ಹೋಗಿದೆ. ನಿಜವಾಗಿ ಎಷ್ಟು ಮೈಗೆ, ಎಷ್ಟು ಲಂಗಕ್ಕೆ, ದೇವರೇ ಬಲ್ಲ.

ಅಲಾರಂ ಯಾಕೆ ಬರಲಿಲ್ಲ ಅಂತ ಕೇಳಬಹುದು. ಇನ್ಸುಲಿನ್ ಮುಂದೆ ಹೋಗಲಾಗದೆ ಟ್ಯೂಬಿನಲ್ಲಿ ಒತ್ತಡ ಏರಿದರೆ ಮಾತ್ರ ಪಂಪಿಗೆ ಗೊತ್ತಾಗುವುದು. ಹೊರಗೆ ಸೋರಿಹೋದರೆ ಅದರ ಮಟ್ಟಿಗೆ ಎಲ್ಲ ಸರಿ. ಹಾಗಾಗಿ ನಾನು ಮೂಗನ್ನು ಜಾಸ್ತಿ ನಂಬುತ್ತೇನೆ. ಇನ್ಸುಲಿನ್ ಕೆಡದಿರಲಿ ಅಂತ ಅದಕ್ಕೆ ಫೀನಾಲ್ ಜಾತಿಯ ವಸ್ತು ಹಾಕಿರುತ್ತಾರೆ, ಸೋರಿದರೆ ಫಿನಾಯಿಲ್ ವಾಸನೆ ಬರುತ್ತದೆ. ಅವತ್ತು ನನ್ನ ಗ್ರಹಚಾರ, ಬಾತ್‌ರೂಮನ್ನು ಆಗಷ್ಟೇ ಫಿನಾಯಿಲ್ ಹಾಕಿ ತೊಳೆದಿದ್ದರು!

ಡಾಕ್ಟರು ನನಗೆ ಬರೆದುಕೊಟ್ಟ ಕ್ರಮ ಹೀಗಿದೆ: 250 ದಾಟಿದರೆ ಕೀಟೋನ್ ನೋಡು, ಶುಗರ್ ಇಳಿಸಲು ಒಂದು ಕರೆಕ್ಷನ್ ಡೋಸ್ ಕೊಟ್ಟು ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಪಂಪನ್ನು ನಂಬಬೇಡ, ಇನ್ಸುಲಿನ್ ಪೆನ್ನಿನಲ್ಲಿ ಇಂಜೆಕ್ಷನ್ ತಗೋ, ಆಮೇಲೆ ಸೆಟ್ ಬದಲಿಸು. ಅಷ್ಟನ್ನೂ ಮಾಡಿದೆ. ಹೊಸ ಸೆಟ್ ತೊಡೆಗೆ ಹಾಕಿದೆ. ಒಂದು ಚೊಂಬು ನೀರು ಕುಡಿದೆ. ಏಳು ಗಂಟೆಗೆ 240, ಒಂಬತ್ತೂವರೆಗೆ 156, ಸ್ಟ್ರಿಪ್‌ನಲ್ಲಿ ಬಣ್ಣವಿಲ್ಲ.

ಬಲಗಡೆ ಹೊಟ್ಟೆಯ ಮೇಲೆ ನನಗೆ ಹಳೆಯ ವ್ಯಾಮೋಹ. ಬಲಗೈಗೆ ಸಲೀಸು, ನೋವೂ ಇಲ್ಲ. ನೋವು ಯಾಕಿಲ್ಲ ಅಂತ ಗೊತ್ತಾದದ್ದು ಎರಡು ವರ್ಷದ ಹಿಂದೆ. ಡಾಕ್ಟರು ಅಂಗೈ ಆಡಿಸಿ, "ಇಲ್ಲಿ ಮುಟ್ಟಿ ನೋಡಿ" ಅಂದರು. ಚರ್ಮದ ಕೆಳಗೆ ರಬ್ಬರಿನಂಥ ಗಂಟು. ಒಂದೇ ಕಡೆ ಚುಚ್ಚಿ ಚುಚ್ಚಿ ಕೊಬ್ಬು ದಪ್ಪಗಾಗಿತ್ತು. ಅಲ್ಲಿ ಇನ್ಸುಲಿನ್ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ತಿಂಗಳುಗಟ್ಟಲೆ ಆ ಜಾಗಕ್ಕೆ ರಜೆ ಕೊಟ್ಟೆ. ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ "ಎಡ ತೊಡೆ", "ಬಲ ಸೊಂಟ" ಅಂತ ಬರೆದಿಡುತ್ತೇನೆ. ಮನೆಗೆ ಬಂದವರು ಏನಂದುಕೊಳ್ಳುತ್ತಾರೋ.

ಟೇಪ್ ಕಿತ್ತುಬರುವುದು ನಮ್ಮ ಕರಾವಳಿಯ ನಿತ್ಯದ ಗೋಳು. ತೆಂಗಿನೆಣ್ಣೆ ಹಚ್ಚಿ ಸ್ನಾನ ಮಾಡಿದ ದಿನ ಎಷ್ಟು ಸೋಪು ಉಜ್ಜಿದರೂ ಜಿಡ್ಡು ಉಳಿದೇ ಇರುತ್ತದೆ. ಹಾಗಾಗಿ ಎಣ್ಣೆ ಸ್ನಾನದ ದಿನ ನಾನು ಹೊಸ ಸೆಟ್ ಚುಚ್ಚಿಕೊಳ್ಳುವುದೇ ಇಲ್ಲ. ಬೇರೆ ದಿನ ಸ್ಪಿರಿಟ್‌ನಲ್ಲಿ ಒರೆಸಿ, ಅದು ತಾನಾಗೇ ಆರುವವರೆಗೆ ಫ್ಯಾನಿನ ಕೆಳಗೆ ಕೂರುತ್ತೇನೆ. ಕೀಳುವಾಗ ಮಾತ್ರ ಅದೇ ತೆಂಗಿನೆಣ್ಣೆ ಬೇಕು, ಅಂಚಿಗೆ ಎರಡು ಹನಿ ಬಿಟ್ಟರೆ ಚರ್ಮ ಸುಲಿಯದೆ ಬರುತ್ತದೆ. ಕಿತ್ತ ಜಾಗ ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಕಂಡರೆ, ಮನೆಮದ್ದು ಮಾಡುತ್ತಾ ಕೂರಬೇಡಿ.

ಗಾಳಿಗುಳ್ಳೆಯ ಕಾಟಕ್ಕೂ ಕಾರಣ ನನ್ನ ಅವಸರವೇ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇನ್ಸುಲಿನ್ ತುಂಬಿಸಿದರೆ, ಬೆಚ್ಚಗಾಗುತ್ತಾ ಟ್ಯೂಬಿನಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯಿಂದ ಮೈಗೆ ಅಪಾಯವಿಲ್ಲ, ಆದರೆ ಅಷ್ಟು ಇನ್ಸುಲಿನ್ ಖೋತಾ. ಅರ್ಧ ಗಂಟೆ ಮೊದಲೇ ಹೊರಗಿಟ್ಟರೆ ಸಾಕು.

ಮದುವೆಗೆ ಒಯ್ಯುವ ಚೀಲದಲ್ಲಿ ಈಗ ಎರಡು ಸೆಟ್, ಸ್ಟ್ರಿಪ್, ಪೆನ್ನು ಇರುತ್ತವೆ. ಪೆನ್ನೇ ಯಾಕೆ ಅಂದರೆ, ಒಮ್ಮೆ ಅವಸರದಲ್ಲಿ ಸಿರಿಂಜು ಕೇಳಿದಾಗ ಅಂಗಡಿಯವರು ಕೆಂಪು ಮುಚ್ಚಳದ್ದು ಕೊಟ್ಟರು. ಅದು 40ರ ಇನ್ಸುಲಿನ್‌ಗೆ, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್ ಇರುವುದಕ್ಕೆ. ಪಂಪಿನದ್ದು 100ರದ್ದು. ಅದರಲ್ಲಿ 4 ಅಂತ ಎಳೆದರೆ ಒಳಗೆ ಹೋಗುವುದು 10 ಯೂನಿಟ್.

ತಿಂಗಳ ಕೊನೆಗೆ ಇನ್ನೊಂದು ಮದುವೆ ಇದೆ. ಲಂಗಕ್ಕೆ ಲಾಡಿಯ ಬದಲು ಅಗಲದ ಎಲಾಸ್ಟಿಕ್ ಹಾಕಿಸಲು ಕೊಟ್ಟಿದ್ದೇನೆ.